ಜಾಲವೀಕ್ಷಣೆಯ ಜಾಡು ಹಿಡಿಯುವಿಕೆ

ಜಾಲವೀಕ್ಷಣೆಯ ಜಾಡು ಹಿಡಿಯುವಿಕೆ ಎಂದರೆ ಬಳಕೆದಾರರು ಅಂತರಜಾಲದಲ್ಲಿ ಯಾವ ಜಾಲತಾಣಗಳಿಗೆ ಭೇಟಿ ನೀಡುತ್ತಾರೆ, ಏನನ್ನು ಹುಡುಕುತ್ತಾರೆ, ಯಾವ ಪುಟದಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂಬ ವಿವರಗಳನ್ನು ಸಂಗ್ರಹಿಸಿ, ಒಂದಕ್ಕೊಂದು ಜೋಡಿಸಿ, ದಾಖಲಿಸುವ ಕ್ರಿಯೆಯಾಗಿದೆ. ಜಾಹೀರಾತು ಸಂಸ್ಥೆಗಳು, ಜಾಲತಾಣಗಳ ಒಡೆಯರು, ಅಂತರಜಾಲ ಸೇವೆ ಒದಗಿಸುವ ಕಂಪನಿಗಳು, ಉದ್ಯೋಗದಾತರು, ಶಾಲೆಗಳು, ಪೋಷಕರು ಹಾಗೂ ಸರ್ಕಾರದ ತನಿಖಾ ಸಂಸ್ಥೆಗಳು ಬೇರೆ ಬೇರೆ ಉದ್ದೇಶಗಳಿಗಾಗಿ ಇದನ್ನು ನಡೆಸುತ್ತವೆ. ಒಬ್ಬರೇ ಬಳಸುವ ಮೊಬೈಲ್ ಫೋನ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮತ್ತು ಸ್ಮಾರ್ಟ್ ಟಿವಿಗಳ ಚಟುವಟಿಕೆಯನ್ನು ಒಂದೇ ವ್ಯಕ್ತಿಗೆ ಸೇರಿದ್ದೆಂದು ಗುರುತಿಸುವುದನ್ನು ಬಹುಸಾಧನ ಜಾಡು ಹಿಡಿಯುವಿಕೆ ಎನ್ನಲಾಗುತ್ತದೆ.

ಈ ಎಲ್ಲ ವಿಧಾನಗಳೂ ನೇರವಾಗಿ ಗುರುತಿಸುವುದು ಒಂದು ಬ್ರೌಸರನ್ನು, ಒಂದು ಸಾಧನವನ್ನು, ಒಂದು ಖಾತೆಯನ್ನು ಅಥವಾ ಒಂದು ಜಾಲ ಸಂಪರ್ಕವನ್ನು. ಅಲ್ಲಿಂದ ಮುಂದೆ ಅದನ್ನು ಬಳಸಿದ ಮನುಷ್ಯ ಯಾರು ಎಂಬುದು ಬಹುತೇಕ ಸಂದರ್ಭಗಳಲ್ಲಿ ಊಹೆಯಿಂದ ಪಡೆದ ತೀರ್ಮಾನವಾಗಿರುತ್ತದೆ. ಈ ಊಹೆ ತಪ್ಪಿದಾಗ ಉಂಟಾಗುವ ಪರಿಣಾಮ ಗಂಭೀರವಾಗಿರಬಲ್ಲದು ಎಂಬುದಕ್ಕೆ 2007ರಲ್ಲಿ ಬೆಂಗಳೂರಿನಲ್ಲಿ ನಡೆದ ಬಂಧನವು ಭಾರತದ ಪ್ರಮುಖ ಉದಾಹರಣೆಗಳಲ್ಲಿ ಒಂದು.

ಹಿನ್ನೆಲೆ

ಸಂಪರ್ಕ ಮಾಧ್ಯಮಗಳ ಮೇಲಿನ ನಿಗಾ ಅಂತರಜಾಲಕ್ಕಿಂತ ಹಳೆಯದು. ಕರ್ನಾಟಕದಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಗಳ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ನೀಡಿದರು. ದೂರವಾಣಿ ಸಂಭಾಷಣೆಯು ಖಾಸಗಿತನದ ಭಾಗವೆಂದೂ, ಕದ್ದಾಲಿಕೆಗೆ ನಿರ್ದಿಷ್ಟ ಕಾರ್ಯವಿಧಾನ ಇರಲೇಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್‌ನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಪ್ರಕರಣದಲ್ಲಿ ತೀರ್ಪು ನೀಡಿತು.

ದೂರವಾಣಿಯ ಕದ್ದಾಲಿಕೆಗೆ ಯಾರಾದರೂ ನಿರ್ದಿಷ್ಟ ಸಂಖ್ಯೆಯೊಂದನ್ನು ಆಯ್ದುಕೊಳ್ಳಬೇಕಿತ್ತು. ಅಂತರಜಾಲದಲ್ಲಿ ದಾಖಲೆಯು ಬಳಕೆಯ ಜೊತೆಯಲ್ಲೇ, ಎಲ್ಲರ ವಿಷಯದಲ್ಲೂ ತಾನಾಗಿ ಸೃಷ್ಟಿಯಾಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಅವರು ಕುಕಿಯನ್ನು ರೂಪಿಸಿದರು. ಜಾಲತಾಣವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದ ಬಳಕೆದಾರರನ್ನು ನೆನಪಿಟ್ಟುಕೊಳ್ಳಲಿ, ಖರೀದಿಗೆಂದು ಆಯ್ದ ವಸ್ತುಗಳು ಕಳೆದುಹೋಗದಿರಲಿ ಎಂಬುದು ಅದರ ಮೂಲ ಉದ್ದೇಶವಾಗಿತ್ತು. ಕೆಲವೇ ವರ್ಷಗಳಲ್ಲಿ ಜಾಹೀರಾತು ಸಂಸ್ಥೆಗಳು ಅದನ್ನು ಹಲವು ತಾಣಗಳಾಚೆಗೂ ಬಳಕೆದಾರರನ್ನು ಹಿಂಬಾಲಿಸುವ ಸಾಧನವನ್ನಾಗಿ ಮಾಡಿಕೊಂಡವು.

ವಿಧಾನಗಳು

ಕುಕಿಗಳು

ಕುಕಿಯು ಜಾಲತಾಣವು ಬ್ರೌಸರ್‌ನಲ್ಲಿ ಉಳಿಸುವ ಚಿಕ್ಕ ಪಠ್ಯ ದಾಖಲೆ. ಭೇಟಿ ನೀಡಿದ ತಾಣವೇ ಇಟ್ಟಿದ್ದು ಸ್ವಂತ ಕುಕಿ. ಆ ಪುಟದೊಳಗೆ ಸೇರಿಸಿರುವ ಜಾಹೀರಾತು ಅಥವಾ ಸಾಮಾಜಿಕ ಜಾಲತಾಣದ ಗುಂಡಿಯ ಮೂಲಕ ಬೇರೊಂದು ಸಂಸ್ಥೆ ಇಟ್ಟಿದ್ದು ಹೊರಗಿನವರ ಕುಕಿ. ಒಂದೇ ಜಾಹೀರಾತು ಸಂಸ್ಥೆಯ ಸಂಕೇತವು ಸುದ್ದಿ ತಾಣ, ಅಂಗಡಿ ತಾಣ ಮತ್ತು ಆರೋಗ್ಯ ಮಾಹಿತಿ ತಾಣಗಳಲ್ಲಿ ಇದ್ದರೆ, ಆ ಮೂರೂ ಭೇಟಿಗಳು ಒಂದೇ ಗುರುತಿನ ಅಡಿಯಲ್ಲಿ ಸೇರುತ್ತವೆ.

ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್ 2017ರಿಂದ ಇಂತಹ ಕುಕಿಗಳನ್ನು ನಿರ್ಬಂಧಿಸತೊಡಗಿ, 2020ರ ಮಾರ್ಚ್‌ನಲ್ಲಿ ಸಂಪೂರ್ಣವಾಗಿ ತಡೆಯಿತು. ಮೊಜಿಲ್ಲಾ ಫೈರ್‌ಫಾಕ್ಸ್ 2019ರಿಂದ ಪರಿಚಿತ ಜಾಡುಗಾರ ಕುಕಿಗಳನ್ನು ತಡೆಯುತ್ತಿದ್ದು, 2022ರಿಂದ ಪ್ರತಿ ತಾಣದ ಕುಕಿಗಳನ್ನೂ ಪ್ರತ್ಯೇಕವಾಗಿ ಇರಿಸುತ್ತದೆ. ಹೊರಗಿನವರ ಕುಕಿಗಳನ್ನು ತೆಗೆದುಹಾಕುವುದಾಗಿ 2020ರ ಜನವರಿಯಲ್ಲಿ ಪ್ರಕಟಿಸಿದ್ದ ಗೂಗಲ್, ಹಲವು ಬಾರಿ ಮುಂದೂಡಿ, 2024ರಲ್ಲಿ ತನ್ನ ಕ್ರೋಮ್ ಬ್ರೌಸರ್‌ನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು.

ಬ್ರೌಸರ್ ಬೆರಳಚ್ಚು

ಪ್ರತಿ ಬ್ರೌಸರೂ ತಾನು ತೆರೆಯುವ ತಾಣಕ್ಕೆ ಪರದೆಯ ಅಳತೆ, ಭಾಷೆ, ಕಾಲವಲಯ, ಅಳವಡಿಸಿರುವ ಅಕ್ಷರಶೈಲಿಗಳು, ಚಿತ್ರ ಮೂಡಿಸುವ ರೀತಿ ಮುಂತಾದ ವಿವರಗಳನ್ನು ತಿಳಿಸುತ್ತದೆ. ಇವು ಒಂದೊಂದಾಗಿ ಸಾಮಾನ್ಯವಾದರೂ ಒಟ್ಟಾಗಿ ಅಪರೂಪದ ಸಂಯೋಜನೆಯಾಗುತ್ತವೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್ಲಿ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳ ಪೈಕಿ ಶೇ. 83.6ರಷ್ಟು ಬೆರಳಚ್ಚುಗಳು ಬೇರಾವುದಕ್ಕೂ ಹೊಂದದೆ ಪ್ರತ್ಯೇಕವಾಗಿದ್ದವು. ಸಾಧನದಲ್ಲಿ ಏನನ್ನೂ ಉಳಿಸಬೇಕಿಲ್ಲವಾದ್ದರಿಂದ ಕುಕಿಗಳನ್ನು ಅಳಿಸುವುದರಿಂದ ಈ ವಿಧಾನವನ್ನು ತಡೆಯಲಾಗದು. ಆದರೆ ಒಂದೇ ಮಾದರಿಯ ಫೋನು, ಒಂದೇ ಆವೃತ್ತಿಯ ಬ್ರೌಸರ್ ಬಳಸುವವರ ಬೆರಳಚ್ಚುಗಳು ಪರಸ್ಪರ ಹೋಲುವ ಸಾಧ್ಯತೆ ಹೆಚ್ಚು. ತಂತ್ರಾಂಶ ನವೀಕರಣವಾದಾಗ ಬೆರಳಚ್ಚೂ ಬದಲಾಗುತ್ತದೆ.

ಐಪಿ ವಿಳಾಸ

ಅಂತರಜಾಲಕ್ಕೆ ಸಂಪರ್ಕ ಹೊಂದಿದಾಗ ದೊರೆಯುವ ಸಂಖ್ಯಾರೂಪದ ವಿಳಾಸ ಐಪಿ ವಿಳಾಸ. ನಿರ್ದಿಷ್ಟ ವಿಳಾಸವು ನಿರ್ದಿಷ್ಟ ಸಮಯದಲ್ಲಿ ಯಾವ ಗ್ರಾಹಕರ ಬಳಿ ಇತ್ತು ಎಂಬುದು ಸೇವೆ ಒದಗಿಸುವ ಕಂಪನಿಯ ದಾಖಲೆಯಿಂದ ಮಾತ್ರ ತಿಳಿಯುತ್ತದೆ. ಇದರ ಹಳೆಯ ರೂಪವಾದ ನಾಲ್ಕನೆಯ ಆವೃತ್ತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಅವು ಸಾಲದ ಕಾರಣ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ. ಹೀಗಾಗಿ ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆ ಮತ್ತು ಕ್ಷಣದವರೆಗಿನ ಸಮಯ ಇಲ್ಲದಿದ್ದರೆ ಗ್ರಾಹಕರನ್ನು ಗುರುತಿಸುವುದು ಅಸಾಧ್ಯವಾಗುತ್ತದೆ.

ಸಾಧನದೊಳಗಿನ ತಂತ್ರಾಂಶ

ಪೋಷಕರ ನಿಯಂತ್ರಣ ತಂತ್ರಾಂಶ, ಕಚೇರಿಗಳು ಉದ್ಯೋಗಿಗಳ ಕಂಪ್ಯೂಟರ್‌ಗಳಲ್ಲಿ ಅಳವಡಿಸುವ ನಿಗಾ ತಂತ್ರಾಂಶ ಹಾಗೂ ಕದ್ದು ಅಳವಡಿಸುವ ಗೂಢಚಾರ ತಂತ್ರಾಂಶಗಳು ಸಾಧನದೊಳಗೇ ಕುಳಿತು ಕೆಲಸ ಮಾಡುತ್ತವೆ. ಜಾಲದಲ್ಲಿ ಸಾಗುವ ಮಾಹಿತಿ ಗೂಢಲಿಪೀಕರಣಗೊಂಡಿದ್ದರೂ ಪರದೆಯ ಮೇಲೆ ಕಾಣುವುದನ್ನು ಇವು ದಾಖಲಿಸಬಲ್ಲವು. ಇವುಗಳ ವ್ಯಾಪ್ತಿ ಅಳವಡಿಸಿದ ಸಾಧನಕ್ಕೆ ಅಥವಾ ಖಾತೆಗೆ ಸೀಮಿತ.

ಹಲವು ಸಾಧನಗಳ ಜೋಡಣೆ

ಬಹುಸಾಧನ ಜಾಡು ಹಿಡಿಯುವಿಕೆಯಲ್ಲಿ ಎರಡು ಬಗೆಗಳಿವೆ.

ನಿಶ್ಚಿತ ಜೋಡಣೆಯಲ್ಲಿ ಬಳಕೆದಾರರು ಫೋನ್ ಮತ್ತು ಲ್ಯಾಪ್‌ಟಾಪ್‌ಗಳೆರಡರಲ್ಲೂ ಒಂದೇ ಇಮೇಲ್ ಅಥವಾ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆಗಿರುತ್ತಾರೆ. ಖಾತೆಯೇ ಸಾಧನಗಳನ್ನು ಬೆಸೆಯುವ ಕೊಂಡಿಯಾಗುತ್ತದೆ. ಬ್ರೌಸರ್‌ನ ಸಿಂಕ್ ಸೌಲಭ್ಯವನ್ನು ಚಾಲನೆಯಲ್ಲಿಟ್ಟರೆ ಒಂದು ಸಾಧನದ ವೀಕ್ಷಣಾ ಇತಿಹಾಸ ಇನ್ನೊಂದರಲ್ಲಿಯೂ ಕಾಣಿಸಿಕೊಳ್ಳುವುದು ಇದರಿಂದಲೇ.

ಸಂಭಾವ್ಯ ಜೋಡಣೆಯಲ್ಲಿ ಲಾಗಿನ್ ಇರುವುದಿಲ್ಲ. ಪ್ರತಿ ರಾತ್ರಿ ಒಂದೇ ವೈಫೈ ಸಂಪರ್ಕಕ್ಕೆ ಸೇರುವ, ಒಂದೇ ಸ್ಥಳದಲ್ಲಿರುವ, ಒಂದೇ ಬಗೆಯ ತಾಣಗಳನ್ನು ನೋಡುವ ಸಾಧನಗಳು ಒಬ್ಬರದೇ ಅಥವಾ ಒಂದೇ ಮನೆಯವು ಎಂದು ಲೆಕ್ಕಾಚಾರದಿಂದ ಊಹಿಸಲಾಗುತ್ತದೆ. ವಿದ್ಯಾರ್ಥಿನಿಲಯ, ಬಾಡಿಗೆ ಕೊಠಡಿಗಳು, ಸೈಬರ್ ಕೆಫೆಗಳಂತಹ ಕಡೆಗಳಲ್ಲಿ ಈ ಊಹೆ ಸುಲಭವಾಗಿ ದಾರಿ ತಪ್ಪುತ್ತದೆ. ಮೈಸೂರು ಜಿಲ್ಲೆಯ ಸುತ್ತೂರಿನ ಜಾತ್ರೆಯಂತಹ ಜನಜಂಗುಳಿಯಲ್ಲಿ ಹಲವು ದಿನ ಒಂದೇ ಸ್ಥಳದಲ್ಲಿ ಕಂಡುಬರುವ ಫೋನುಗಳ ನಡುವೆ ಯಾವ ಸಂಬಂಧವೂ ಇಲ್ಲದಿರಬಹುದು.

ಶಬ್ದದ ಮೂಲಕವೂ ಸಾಧನಗಳನ್ನು ಜೋಡಿಸುವ ಪ್ರಯತ್ನ ನಡೆದಿದೆ. ಭಾರತ ಮೂಲದ ಸಿಲ್ವರ್‌ಪುಶ್ ಸಂಸ್ಥೆಯು ಟಿವಿ ಜಾಹೀರಾತಿನಲ್ಲಿ ಮನುಷ್ಯರ ಕಿವಿಗೆ ಕೇಳಿಸದ ಧ್ವನಿ ಸಂಕೇತವನ್ನು ಸೇರಿಸಿ, ಹತ್ತಿರದ ಫೋನಿನ ಮೈಕ್ ಮೂಲಕ ಅದನ್ನು ಗ್ರಹಿಸುವ ತಂತ್ರವನ್ನು ರೂಪಿಸಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರ ಮಾರ್ಚ್‌ನಲ್ಲಿ ಈ ಸಂಕೇತವನ್ನು ಒಳಗೊಂಡ 12 ಆಪ್‌ಗಳ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಬಹುಸಾಧನ ಜಾಡು ಹಿಡಿಯುವಿಕೆಯ ಬಗ್ಗೆ ಅದೇ ಆಯೋಗದ ಸಿಬ್ಬಂದಿ ವರದಿ 2017ರ ಜನವರಿಯಲ್ಲಿ ಪ್ರಕಟವಾಯಿತು. 2021ರ ಏಪ್ರಿಲ್‌ನಿಂದ ಆಪಲ್‌ನ ಐಫೋನ್‌ಗಳಲ್ಲಿ ಇತರ ಸಂಸ್ಥೆಗಳ ಆಪ್ ಮತ್ತು ತಾಣಗಳಾಚೆಗೂ ಜಾಡು ಹಿಡಿಯಬೇಕಾದರೆ ಆಪ್‌ಗಳು ಬಳಕೆದಾರರ ಅನುಮತಿ ಕೇಳುವುದು ಕಡ್ಡಾಯವಾಯಿತು.

ಯಾರಿಗೆ ಏನು ಕಾಣಿಸುತ್ತದೆ

ಒಂದೇ ಭೇಟಿಯು ಬೇರೆ ಬೇರೆಯವರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಗೋಚರಿಸುತ್ತದೆ.

ಸೇವೆ ಒದಗಿಸುವ ಕಂಪನಿ ಹಾಗೂ ವೈಫೈ ನಿರ್ವಾಹಕರು: ಎಚ್‌ಟಿಟಿಪಿಎಸ್ ಬಳಸುವ ತಾಣಗಳಲ್ಲಿ ಪುಟದ ಒಳವಿವರ, ಹುಡುಕಿದ ಪದ ಮತ್ತು ಪಾಸ್‌ವರ್ಡ್ ಇವರಿಗೆ ಕಾಣಿಸುವುದಿಲ್ಲ. ಸಾಮಾನ್ಯವಾಗಿ ತಾಣದ ಹೆಸರು, ಭೇಟಿಯ ಸಮಯ ಮತ್ತು ದತ್ತಾಂಶದ ಗಾತ್ರ ಕಾಣಿಸುತ್ತವೆ.

ಜಾಲತಾಣ: ತನ್ನಲ್ಲಿ ನಡೆದ ಎಲ್ಲ ಚಟುವಟಿಕೆಯನ್ನೂ ಬಳಕೆದಾರರ ಐಪಿ ವಿಳಾಸವನ್ನೂ ಕಾಣಬಲ್ಲದು. ಬೇರೆ ತಾಣಗಳ ಭೇಟಿ ತಾನಾಗಿ ಕಾಣಿಸುವುದಿಲ್ಲ.

ಜಾಹೀರಾತು ಜಾಲ: ತನ್ನ ಸಂಕೇತ ಇರುವ ತಾಣಗಳ ಭೇಟಿಗಳನ್ನು ಕಾಣಬಲ್ಲದು.

ಖಾತೆ ನೀಡಿದ ಸಂಸ್ಥೆ: ಲಾಗಿನ್ ಆಗಿರುವಾಗ ತನ್ನ ಸೇವೆಗಳಲ್ಲಿ ನಡೆದ ಹುಡುಕಾಟ ಮತ್ತು ವೀಕ್ಷಣೆಯನ್ನು ಎಲ್ಲ ಸಾಧನಗಳಿಂದಲೂ ಒಂದೆಡೆ ದಾಖಲಿಸಬಲ್ಲದು.

ಸಾಧನದ ನಿರ್ವಾಹಕರು: ನಿಗಾ ತಂತ್ರಾಂಶವಿದ್ದಲ್ಲಿ ಬಹುತೇಕ ಎಲ್ಲವನ್ನೂ ಕಾಣಬಲ್ಲರು.

ಬ್ರೌಸರ್‌ಗಳ ಖಾಸಗಿ ಅಥವಾ ಇನ್‌ಕಾಗ್ನಿಟೊ ಕಿಟಕಿಯು ಇತಿಹಾಸ ಮತ್ತು ಕುಕಿಗಳನ್ನು ಆ ಸಾಧನದಲ್ಲಿ ಉಳಿಸದೆ ಅಳಿಸುತ್ತದೆ. ಜಾಲತಾಣ, ಕಚೇರಿಯ ಜಾಲ ಅಥವಾ ಸೇವಾ ಕಂಪನಿಯಿಂದ ಚಟುವಟಿಕೆಯನ್ನು ಮರೆಮಾಡುವುದಿಲ್ಲ. ಈ ವಿಷಯದಲ್ಲಿ ಬಳಕೆದಾರರಿಗೆ ತಪ್ಪು ಕಲ್ಪನೆ ಮೂಡಿಸಲಾಗಿದೆ ಎಂದು ಗೂಗಲ್ ವಿರುದ್ಧ ಅಮೆರಿಕದಲ್ಲಿ 2020ರಲ್ಲಿ ಮೊಕದ್ದಮೆ ಹೂಡಲಾಯಿತು. 2024ರ ಏಪ್ರಿಲ್‌ನಲ್ಲಿ ಬಹಿರಂಗವಾದ ರಾಜಿ ಒಪ್ಪಂದದ ಪ್ರಕಾರ ಕೋಟ್ಯಂತರ ವೀಕ್ಷಣಾ ದಾಖಲೆಗಳನ್ನು ಅಳಿಸಲು ಸಂಸ್ಥೆ ಒಪ್ಪಿತು. ವಿಪಿಎನ್ ಬಳಸಿದಾಗ ಸ್ಥಳೀಯ ಸೇವಾ ಕಂಪನಿಗೆ ತಾಣದ ಹೆಸರು ಕಾಣಿಸದು. ಆದರೆ ಅದನ್ನು ಕಾಣುವ ಸ್ಥಾನ ವಿಪಿಎನ್ ಕಂಪನಿಗೆ ಸಿಗುತ್ತದೆ. ಲಾಗಿನ್ ಆಗಿರುವ ಖಾತೆಯ ಗುರುತೂ ಹಾಗೆಯೇ ಉಳಿಯುತ್ತದೆ.

ಮಿತಿಗಳು

ಹಂಚಿಕೊಂಡ ಸಾಧನಗಳು

ಜಾಡು ಹಿಡಿಯುವ ವ್ಯವಸ್ಥೆಗಳ ಬಹುಪಾಲು ಲೆಕ್ಕಾಚಾರ ಒಂದು ಫೋನು ಒಬ್ಬ ವ್ಯಕ್ತಿಗೆ ಸೇರಿದ್ದು ಎಂಬ ಗ್ರಹಿಕೆಯನ್ನು ಆಧರಿಸಿದೆ. ಭಾರತದಲ್ಲಿ ಈ ಗ್ರಹಿಕೆ ಎಲ್ಲೆಡೆ ಸಲ್ಲುವುದಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಫೋನ್ ತಮ್ಮ ಬಳಿ ಇದೆ ಎಂದ 15ರಿಂದ 49 ವರ್ಷದ ಮಹಿಳೆಯರ ಪ್ರಮಾಣ ದೇಶದಲ್ಲಿ ಸುಮಾರು ಶೇ. 54. ತಂದೆಯ ಹೆಸರಿನ ಸಿಮ್ ಇರುವ ಫೋನಿನಲ್ಲಿ ಮಗಳು ಪಾಠ ನೋಡುವ, ಮಗ ಆಟವಾಡುವ, ತಾಯಿ ಪಡಿತರ ಅಥವಾ ಪಿಂಚಣಿಯ ವಿವರ ಹುಡುಕುವ ಮನೆಯಲ್ಲಿ ದಾಖಲಾಗುವ ಇತಿಹಾಸವು ಒಬ್ಬರದ್ದಾಗಿರುವುದಿಲ್ಲ. ಅದರ ಆಧಾರದ ಮೇಲೆ ಆರೋಗ್ಯ, ಸಾಲ ಪಡೆಯುವ ಅರ್ಹತೆ ಅಥವಾ ನಡತೆಯ ಬಗ್ಗೆ ಮಾಡುವ ತೀರ್ಮಾನ ಬೇರೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

ಸ್ಥಳದ ಅಂದಾಜು

ಐಪಿ ವಿಳಾಸದಿಂದ ಊರನ್ನು ಹೇಳುವ ಸೇವೆಗಳು ಹೆಚ್ಚಾಗಿ ಸೇವಾ ಕಂಪನಿಯ ಜಾಲದ್ವಾರ ಇರುವ ನಗರವನ್ನು ತೋರಿಸುತ್ತವೆ. ಕಪಿಲಾ ನದಿಯ ದಡದ ಸುತ್ತೂರಿನಲ್ಲಾಗಲಿ, ನಂಜನಗೂಡು ಅಥವಾ ತಿ. ನರಸೀಪುರದಲ್ಲಾಗಲಿ ಮೊಬೈಲ್ ದತ್ತಾಂಶ ಬಳಸುವವರು ಬೆಂಗಳೂರಿನಲ್ಲಿ ಇರುವಂತೆ ಕಾಣಿಸಬಹುದು. ಆಪ್‌ಗೆ ಜಿಪಿಎಸ್ ಅನುಮತಿ ನೀಡಿದ್ದರೆ ಮಾತ್ರ ಸ್ಥಳವು ಕೆಲವೇ ಮೀಟರ್‌ಗಳ ನಿಖರತೆಯಲ್ಲಿ ತಿಳಿಯುತ್ತದೆ.

ಸಮಯ

ಅಂತರರಾಷ್ಟ್ರೀಯ ಸರ್ವರ್‌ಗಳ ದಾಖಲೆ ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿರುತ್ತದೆ. ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಬದಲಾಗುತ್ತಲೇ ಇರುವ ಐಪಿ ವಿಳಾಸಗಳ ವಿಷಯದಲ್ಲಿ ಸಮಯವನ್ನು ತಪ್ಪಾಗಿ ಓದಿದರೆ ವಿಳಾಸ ಸರಿಯಿದ್ದರೂ ಗ್ರಾಹಕರು ಬದಲಾಗಿಬಿಡುತ್ತಾರೆ.

2007ರ ಬೆಂಗಳೂರು ಬಂಧನ

ಆರ್ಕುಟ್ ಸಾಮಾಜಿಕ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಪ್ರಕಟವಾದ ದೂರನ್ನು ಪುಣೆ ಪೊಲೀಸರು ತನಿಖೆ ಮಾಡುತ್ತಿದ್ದರು. ಚಿತ್ರವನ್ನು ಹಾಕಲು ಬಳಸಿದ ಐಪಿ ವಿಳಾಸದ ಗ್ರಾಹಕರ ವಿವರವನ್ನು ದೂರಸಂಪರ್ಕ ಕಂಪನಿಯಿಂದ ಪಡೆದು, 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ತಂತ್ರಾಂಶ ಉದ್ಯೋಗಿಯನ್ನು ಬಂಧಿಸಿ ಪುಣೆಗೆ ಕರೆದೊಯ್ದರು. ಆ ವಿಳಾಸ ಅವರದ್ದಾಗಿರಲಿಲ್ಲ. ಕಂಪನಿ ನೀಡಿದ ವಿವರವೇ ತಪ್ಪಾಗಿತ್ತು. ನಿಜವಾದ ಆರೋಪಿಗಳು ಪತ್ತೆಯಾದ ಬಳಿಕ ಅವರು ಬಿಡುಗಡೆಯಾಗುವ ಹೊತ್ತಿಗೆ ಸುಮಾರು 50 ದಿನಗಳನ್ನು ಸೆರೆಮನೆಯಲ್ಲಿ ಕಳೆದಿದ್ದರು.

ಸೇವಾ ಕಂಪನಿಯ ದಾಖಲೆ ಸರಿಯಾಗಿದ್ದರೂ ಅದು ತೋರಿಸುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನು ಮಾತ್ರ. ಆ ಸಂಪರ್ಕವನ್ನು ಆ ಕ್ಷಣದಲ್ಲಿ ಬಳಸಿದವರು ಯಾರು ಎಂಬುದಕ್ಕೆ ಸಾಧನದ ಪರೀಕ್ಷೆ, ಖಾತೆಯ ದಾಖಲೆ, ಸಾಕ್ಷಿಗಳ ಹೇಳಿಕೆಯಂತಹ ಪ್ರತ್ಯೇಕ ಪುರಾವೆ ಬೇಕಾಗುತ್ತದೆ. ಸ್ಮಾರ್ಟ್‌ಫೋನ್ ಮತ್ತು ಇಮೇಲ್‌ಗಳ ತಪಾಸಣೆಯ ಕುರಿತು 2021ರ ಮಾರ್ಚ್‌ನಲ್ಲಿ ನೀಡಿದ ತೀರ್ಪಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸಾಧನದಲ್ಲಿ ದೊರೆತ ದತ್ತಾಂಶವು ತಾನಾಗಿಯೇ ಅಪರಾಧವನ್ನು ಸಾಬೀತುಪಡಿಸುವುದಿಲ್ಲ, ಇತರ ಸಾಕ್ಷ್ಯಗಳಂತೆ ಅದನ್ನೂ ವಿಚಾರಣೆಯಲ್ಲಿ ರುಜುವಾತುಪಡಿಸಬೇಕು ಎಂದು ಹೇಳಿತು.

ಕಾನೂನು

ಸರ್ಕಾರದ ನಿಗಾ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 69ನೆಯ ವಿಧಿಯು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧ ತನಿಖೆ ಮುಂತಾದ ಕಾರಣಗಳಿಗಾಗಿ ದತ್ತಾಂಶವನ್ನು ತಡೆದು ಪರಿಶೀಲಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡುತ್ತದೆ. ಅದರ ಕಾರ್ಯವಿಧಾನವನ್ನು 2009ರ ನಿಯಮಗಳು ವಿವರಿಸುತ್ತವೆ. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಉಳಿಸಬೇಕು; ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಇಡಬೇಕು. ಇದನ್ನು ಒಪ್ಪದ ಹಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆರವುಗೊಳಿಸಿದವು.

ಖಾಸಗಿತನದ ಹಕ್ಕು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಅಡಿಯಲ್ಲಿ ಬರುವ ಮೂಲಭೂತ ಹಕ್ಕು ಎಂದು ಸರ್ವಾನುಮತದ ತೀರ್ಪು ನೀಡಿತು. ಈ ಹಕ್ಕಿಗೆ ಸರ್ಕಾರವು ಅಡ್ಡಿಪಡಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಹಾಗೂ ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕೆಂಬುದು ಆ ತೀರ್ಪಿನಿಂದ ರೂಪುಗೊಂಡ ಮಾನದಂಡ.

ಕೋವಿಡ್ ಸೋಂಕಿತರ ಸಂಪರ್ಕ ಪತ್ತೆಗಾಗಿ 2020ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಆರೋಗ್ಯ ಸೇತು ಆಪ್ ಬ್ಲೂಟೂತ್ ಮತ್ತು ಸ್ಥಳದ ಮಾಹಿತಿಯನ್ನು ಬಳಸುತ್ತಿತ್ತು. ಆಪ್ ಅಳವಡಿಸಿಕೊಂಡಿಲ್ಲ ಎಂಬ ಕಾರಣಕ್ಕೆ ಸರ್ಕಾರಿ ಸೇವೆಗಳನ್ನು ನಿರಾಕರಿಸುವಂತಿಲ್ಲ ಎಂದು ಕರ್ನಾಟಕ ಉಚ್ಚ ನ್ಯಾಯಾಲಯ 2020ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಬಳಕೆದಾರರ ತಿಳಿವಳಿಕೆಯುಕ್ತ ಸಮ್ಮತಿ ಇಲ್ಲದೆ ಅವರ ದತ್ತಾಂಶವನ್ನು ಇತರ ಸರ್ಕಾರಿ ಸಂಸ್ಥೆಗಳೊಡನೆ ಹಂಚಿಕೊಳ್ಳದಂತೆ 2021ರ ಜನವರಿ 25ರಂದು ನಿರ್ಬಂಧಿಸಿತು. ಒಂದು ಉದ್ದೇಶಕ್ಕೆ ಪಡೆದ ಸಮ್ಮತಿ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬ ತತ್ವ ಜಾಲವೀಕ್ಷಣೆಯ ದಾಖಲೆಗಳಿಗೂ ಪ್ರಸ್ತುತವಾಗಿದೆ.

ದತ್ತಾಂಶ ರಕ್ಷಣೆ ಮತ್ತು ಮಕ್ಕಳು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಪ್ರಮುಖ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. 9ನೆಯ ವಿಧಿಯ ಪ್ರಕಾರ ಮಕ್ಕಳ ದತ್ತಾಂಶವನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಮಕ್ಕಳ ಜಾಡು ಹಿಡಿಯುವುದು, ಅವರ ವರ್ತನೆಯ ಮೇಲೆ ನಿಗಾ ಇಡುವುದು ಮತ್ತು ಅವರನ್ನು ಗುರಿಯಾಗಿಸಿದ ಜಾಹೀರಾತು ನಿಷಿದ್ಧ. ಮಕ್ಕಳ ಕುರಿತ ಹೊಣೆಗಾರಿಕೆಯನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಸೀಮಿತ ವಿನಾಯಿತಿ ಇದೆ: ನಿಗಾ ಶೈಕ್ಷಣಿಕ ಚಟುವಟಿಕೆಗೆ ಅಥವಾ ದಾಖಲಾದ ಮಕ್ಕಳ ಸುರಕ್ಷತೆಗೆ ಮಾತ್ರ ಸೀಮಿತವಾಗಿರಬೇಕು.

ವಸತಿ ಶಾಲೆಗಳ ವಿಷಯದಲ್ಲಿ ಈ ವಿನಾಯಿತಿಯ ವ್ಯಾಪ್ತಿ ಮುಖ್ಯವಾಗುತ್ತದೆ. ಸುತ್ತೂರಿನಂತೆ ದೂರದ ಊರುಗಳ ಮಕ್ಕಳು ಉಳಿದು ಓದುವ ಶಿಕ್ಷಣ ಕೇಂದ್ರಗಳಲ್ಲಿ ತರಗತಿಯ ಸಮಯ ಮತ್ತು ಸ್ವಂತ ಸಮಯಗಳೆರಡೂ ಒಂದೇ ಆವರಣದಲ್ಲಿ, ಹಲವೆಡೆ ಒಂದೇ ಜಾಲ ಸಂಪರ್ಕದಲ್ಲಿ ಕಳೆಯುತ್ತವೆ. ಹಾನಿಕಾರಕ ತಾಣಗಳನ್ನು ಎಲ್ಲರಿಗೂ ಸಮಾನವಾಗಿ ತಡೆಯುವುದಕ್ಕೆ ಪ್ರತಿ ವಿದ್ಯಾರ್ಥಿಯ ಪ್ರತ್ಯೇಕ ವೀಕ್ಷಣಾ ಇತಿಹಾಸವನ್ನು ಉಳಿಸಬೇಕಾದ ತಾಂತ್ರಿಕ ಅಗತ್ಯವಿಲ್ಲ. ತಾಣಗಳ ಹೆಸರನ್ನು ಆಧರಿಸಿದ ಶೋಧಕಗಳು ಅಂತಹ ದಾಖಲೆಯಿಲ್ಲದೆಯೂ ಕೆಲಸ ಮಾಡುತ್ತವೆ.

ಇತರ ದೇಶಗಳು

ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮವು ಜಾಲದ ಗುರುತುಗಳನ್ನೂ ವೈಯಕ್ತಿಕ ದತ್ತಾಂಶವೆಂದು ಪರಿಗಣಿಸಬಹುದೆಂದು ಹೇಳುತ್ತದೆ. ತಾಣಗಳಲ್ಲಿ ಕಾಣಿಸುವ ಕುಕಿ ಸಮ್ಮತಿಯ ಫಲಕಗಳು ಮುಖ್ಯವಾಗಿ ಅಲ್ಲಿನ ಕಾನೂನಿನಿಂದ ಹುಟ್ಟಿಕೊಂಡವು. ಬಳಕೆದಾರರು ಜಾಡು ಹಿಡಿಯಬೇಡಿ ಎಂಬ ಸಂಕೇತವನ್ನು ಬ್ರೌಸರ್ ಮೂಲಕವೇ ಕಳುಹಿಸುವ ಡು ನಾಟ್ ಟ್ರ್ಯಾಕ್ ಪ್ರಸ್ತಾವವನ್ನು ಪಾಲಿಸುವುದು ತಾಣಗಳಿಗೆ ಐಚ್ಛಿಕವಾಗಿದ್ದರಿಂದ ಅದು ಬಳಕೆಗೆ ಬರಲಿಲ್ಲ. ಅದರ ಮಾನಕವನ್ನು ರೂಪಿಸುತ್ತಿದ್ದ ಕಾರ್ಯತಂಡವನ್ನು 2019ರ ಜನವರಿಯಲ್ಲಿ ಮುಚ್ಚಲಾಯಿತು.

ಇವನ್ನೂ ನೋಡಿ

ಖಾಸಗಿತನದ ಹಕ್ಕು
ಮಾಹಿತಿ ತಂತ್ರಜ್ಞಾನ ಕಾಯ್ದೆ, 2000
ಗೂಢಲಿಪೀಕರಣ
ಐಪಿ ವಿಳಾಸ
ಆರೋಗ್ಯ ಸೇತು
ಸುತ್ತೂರು